ಕೆಡದ ಮಡಿ, ತಿಳಿಯದ ವಾಸನೆ

ನನ್ನ ಕಾಯಿಲೆ ಮೂಗಿನದು. ಅದು ಗೊತ್ತಾದದ್ದು ಮಾತ್ರ ಕೈ ಮುರಿದದ್ದರಿಂದ.

ತೊಂಬತ್ತರ ದಶಕದ ನಡುವಿನ ಒಂದು ಆಷಾಢ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಬಚ್ಚಲಿನಿಂದ ಒದ್ದೆ ಸೀರೆಯುಟ್ಟು ಅಡಿಗೆಮನೆಗೆ ಬರುತ್ತಿದ್ದೆ. ಹೊಸ್ತಿಲ ಹತ್ತಿರ ಕಾಲು ಜಾರಿತು. ಜೋರಾಗಿಯೇನೂ ಬೀಳಲಿಲ್ಲ, ಕೂತ ಹಾಗೆ ಕುಸಿದು ಬಲಗೈ ಊರಿದೆ. ಸೊಂಟದ ಮೇಲಿದ್ದ ಕೊಡದ ನೀರು ಕೂಡ ಪೂರ್ತಿ ಚೆಲ್ಲಲಿಲ್ಲ. ಆದರೆ ಮಣಿಕಟ್ಟಿನೊಳಗೆ ಹಪ್ಪಳ ಮುರಿದ ಹಾಗೆ ಸದ್ದಾಯಿತು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು. ವಯಸ್ಸು ಕೇಳಿದರು. ಮೂವತ್ತೆಂಟು ಎಂದೆ. ಇದು ಅಜ್ಜಿಯರ ಮೂಳೆಯ ಹಾಗಿದೆಯಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, ಮುಟ್ಟು ಯಾವಾಗ ನಿಂತಿತು ಎಂದು ಕೇಳಿದರು.

ನಾನು ಇವರ ಕಡೆ ನೋಡಿದೆ. ಇವರು ಎಂದರೆ ನಮ್ಮ ಯಜಮಾನರು. ಇವರು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ನೋಡುತ್ತಾ ನಿಂತಿದ್ದರು.

"ನಿಂತಿಲ್ಲ. ಶುರುವೇ ಆಗಿಲ್ಲ," ಎಂದೆ.

ಮನೆಯಾಚೆಯ ಒಬ್ಬರ ಮುಂದೆ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಡಾಕ್ಟರು ಕೈಗೆ ಪಟ್ಟಿ ಹಾಕುವುದನ್ನು ನಿಲ್ಲಿಸಿ, ನೀವು ಬೇರೆ ಡಾಕ್ಟರನ್ನು ನೋಡಬೇಕಮ್ಮ, ಇಷ್ಟು ದಿನ ಯಾಕೆ ನೋಡಲಿಲ್ಲ ಎಂದರು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಮ್ಮ ಮನೆಯ ಕೆಲಸದ ವಿಷಯ ಹೇಳಬೇಕಾಗುತ್ತದೆ. ಅವತ್ತು ಅಲ್ಲಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮದು ತಿಥಿ ಮಾಡಿಸುವ ಮನೆ. ಬಸವನಗುಡಿ, ಮಲ್ಲೇಶ್ವರ, ಓಕಳಿಪುರದ ಕಡೆಯಿಂದ, ಬಾಡಿಗೆ ಮನೆಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ಅನುಕೂಲವಿಲ್ಲದವರು ನಮ್ಮಲ್ಲಿಗೆ ಬಂದು ತಮ್ಮ ಅಪ್ಪ ಅಮ್ಮನ ಶ್ರಾದ್ಧ ಮಾಡಿಕೊಂಡು, ಊಟ ಮಾಡಿ ಹೋಗುತ್ತಾರೆ. ಮಂತ್ರ ಇವರದು. ಅಡಿಗೆ ಮನೆಯ ಹೆಂಗಸರದು. ಅದು ಮಡಿಯಲ್ಲೇ ಆಗಬೇಕು. ಮುಟ್ಟಾದವರು ಮೂರು ದಿನ ಹಿತ್ತಲ ಕೋಣೆಯಲ್ಲಿ ಇರಬೇಕು, ಒಲೆಯ ಕಡೆ ಸುಳಿಯುವ ಹಾಗಿಲ್ಲ. ನಾನು ಸೊಸೆಯಾಗಿ ಬರುವ ಮೊದಲು ಅತ್ತೆಗೆ ಪ್ರತಿ ತಿಂಗಳೂ ಇದೇ ತಲೆನೋವಾಗಿತ್ತಂತೆ. ಯಾರದೋ ಮನೆಯ ತಿಥಿ ಗೊತ್ತಾಗಿರುತ್ತದೆ, ಬೆಳಗ್ಗೆ ಎದ್ದರೆ ಅಡಿಗೆ ಮಾಡುವವರು ಹೊರಗೆ ಕೂತಿರುತ್ತಾರೆ. ಆಗಿನ್ನೂ ಇದ್ದ ಮಾವನವರು ಗೊತ್ತಿದ್ದ ಮನೆಗಳಿಗೆಲ್ಲ ಓಡಿ ಒಬ್ಬ ಮಡಿ ಹೆಂಗಸನ್ನು ಕಾಡಿ ಬೇಡಿ ಕರೆತರಬೇಕು.

ನಾನು ದೊಡ್ಡವಳಾಗಿರಲಿಲ್ಲ ಎಂಬುದು ಮದುವೆಗೆ ಮುಂಚೆ ನನ್ನ ತಾಯಿಗೂ ನನಗೂ ಮಾತ್ರ ಗೊತ್ತಿತ್ತು. ಕೆಲವರಿಗೆ ತಡ, ಮದುವೆಯಾದರೆ ತಾನಾಗಿ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ಅಮ್ಮ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೈ ಹುಡುಗರ ಮೈಯ ಹಾಗೆ ಕಡ್ಡಿಯಾಗಿತ್ತು. ರವಿಕೆ ಹೊಲಿಯುವವರು ಅಳತೆ ತೆಗೆದು ಅಮ್ಮನ ಮುಖ ನೋಡುತ್ತಿದ್ದರು. ಅಮ್ಮ ಬೇರೆ ಮಾತು ತೆಗೆಯುತ್ತಿದ್ದಳು.

ಮದುವೆಯಾಗಿ ಎರಡು ತಿಂಗಳಾದರೂ ನಾನು ಹೊರಗೆ ಕೂರದೇ ಇದ್ದಾಗ ಅತ್ತೆ ಬೇರೆಯೇ ಅರ್ಥ ಮಾಡಿಕೊಂಡರು. ಕೊಡ ಎತ್ತಬೇಡ ಎಂದರು. ಹುಣಿಸೆಹಣ್ಣು ಬೇಕಾ ಎಂದು ಕೇಳಿದರು. ಅವರು ಅಷ್ಟು ನಗುನಗುತ್ತಾ ಓಡಾಡಿದ್ದನ್ನು ನಾನು ಆಮೇಲೆ ನೋಡಲಿಲ್ಲ. ಮೂರನೆಯ ತಿಂಗಳು ನೇರವಾಗಿ ಕೇಳಿದರು. ಇದ್ದದ್ದು ಹೇಳಿದೆ. ಅತ್ತೆ ಬೈಯಲಿಲ್ಲ. ಬೈದು ರಂಪ ಮಾಡಿ ತವರಿಗೆ ಅಟ್ಟಿದ್ದರೆ ಆಗಲೇ ಯಾರಾದರೂ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರೋ ಏನೋ. ಬದಲಿಗೆ ಒಬ್ಬ ಪಂಡಿತರ ಹತ್ತಿರ ಕಷಾಯ ಕೊಡಿಸಿದರು. ಆ ಕಷಾಯದ ಬಾಟಲಿ ಮುಗಿಯುವ ಹೊತ್ತಿಗೆ ಪಕ್ಷಮಾಸ ಬಂತು.

ಪಿತೃಗಳಿಗೆ ಮೀಸಲಾದ ಪಕ್ಷಮಾಸದ ಆ ಹದಿನೈದು ದಿನ ನಮ್ಮ ಮನೆಯಲ್ಲಿ ಒಲೆ ಆರುವುದಿಲ್ಲ. ಒಂದು ಮನೆಯವರು ಎದ್ದು ಕೈ ತೊಳೆಯುವಾಗ ಇನ್ನೊಂದು ಮನೆಯವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಾರೆ. ಆ ವರ್ಷ ಮೊದಲ ದಿನದಿಂದ ಅಮಾವಾಸ್ಯೆಯ ತನಕ ಒಂದು ಹೊತ್ತೂ ತಪ್ಪದೆ ನಾನು ಅಡಿಗೆ ಮಾಡಿದೆ. ಅತ್ತೆ ಯಾರನ್ನೂ ಹುಡುಕಬೇಕಾಗಲಿಲ್ಲ. ಊಟಕ್ಕೆ ಕೂತ ಹಿರಿಯರೊಬ್ಬರು, ಈ ಹುಡುಗಿಯದು ಕೆಡದ ಮಡಿ ಕಣಮ್ಮ, ದೇವರು ನಿನ್ನ ಮನೆಗೇ ಅಂತ ಕಳಿಸಿದಾನೆ ಎಂದು ಅತ್ತೆಗೆ ಹೇಳಿದರು. ಆ ಮಾತು ನಮ್ಮ ಮನೆಯಲ್ಲಿ ನಿಂತುಬಿಟ್ಟಿತು. ಕಷಾಯದ ಎರಡನೆಯ ಬಾಟಲಿ ಬರಲಿಲ್ಲ. ನನಗೂ ಆ ಮಾತು ಕೇಳಿ ಹಿಗ್ಗಾಗಿತ್ತು. ಬೇರೆ ಯಾವುದಕ್ಕೂ ಯಾರೂ ನನ್ನನ್ನು ಹಾಗೆ ಹೊಗಳಿರಲಿಲ್ಲ.

ಮಕ್ಕಳ ವಿಷಯ ಬರುತ್ತಿತ್ತು, ಹೋಗುತ್ತಿತ್ತು. ಒಂದು ಸಲ ಇವರೇ ದೊಡ್ಡ ಆಸ್ಪತ್ರೆಗೆ ತೋರಿಸೋಣ ಎಂದರು. ಪಕ್ಷ ಕಳೆಯಲಿ ಎಂದಾಯಿತು. ಪಕ್ಷ ಕಳೆದ ಮೇಲೆ ಯಾರದೋ ವರ್ಷಾಬ್ದಿಕ ಬಂತು. ಮುಂದಿನ ತಿಂಗಳು ನೋಡೋಣ ಎಂದರು. ಹಾಗೆಂದವರು ಯಾರು ಎಂದು ಈಗ ನೆನಪಿಲ್ಲ. ಎಲ್ಲರೂ ಅಂದಿರಬೇಕು. ಹೀಗೆ ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಲೇ ನನಗೆ ಮೂವತ್ತೆಂಟಾಯಿತು.

ಇನ್ನು ವಾಸನೆಯ ವಿಷಯ. ನನಗೆ ಹುಟ್ಟಿದಾರಭ್ಯ ವಾಸನೆ ಎಂದರೆ ಏನೆಂದು ಗೊತ್ತಿಲ್ಲ. ಚಿಕ್ಕವಳಿದ್ದಾಗ ಅದೊಂದು ಮರ್ಯಾದೆಯ ಮಾತು ಎಂದುಕೊಂಡಿದ್ದೆ. ಸಂಪಿಗೆ ಹೂ ಕಂಡರೆ ಆಹಾ ಎನ್ನಬೇಕು, ಚರಂಡಿ ಕಂಡರೆ ಮೂಗು ಮುಚ್ಚಬೇಕು. ಎಲ್ಲರೂ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಇವರೆಲ್ಲರಿಗೆ ನಿಜವಾಗಿಯೂ ಏನೋ ತಿಳಿಯುತ್ತದೆ ಎಂದು ಅರ್ಥವಾಗುವ ಹೊತ್ತಿಗೆ ಹೇಳಿಕೊಳ್ಳಲು ನಾಚಿಕೆಯಾಯಿತು.

ತಿಥಿಯ ಅಡಿಗೆಯನ್ನು ರುಚಿ ನೋಡುವ ಹಾಗಿಲ್ಲ. ಪಿತೃಗಳಿಗೆ ಬಡಿಸುವ ಮೊದಲು ನಾಲಿಗೆಗೆ ತಾಕಿದರೆ ಎಂಜಲು. ಅತ್ತೆ ಬಾಗಿಲಲ್ಲಿ ನಿಂತು ಮೂಗಿನಲ್ಲೇ ಉಪ್ಪು ಹುಳಿ ಹೇಳುತ್ತಿದ್ದರು. ನಾನು ಕಣ್ಣು ಕಿವಿಯಲ್ಲಿ ಮಾಡುತ್ತಿದ್ದೆ. ಉಪ್ಪಿಗೆ ಅಂಗೈಯ ಗೆರೆಯೇ ಅಳತೆ. ಮೆಣಸಿನ ಸಾರು ಅಂಚಿನಲ್ಲಿ ಸಣ್ಣ ನೊರೆ ಕಟ್ಟಿ ಮೇಲೇಳಬೇಕು. ತುಪ್ಪ ಕಾಯುವಾಗ ಚಟಪಟ ನಿಂತು ಮೌನವಾದರೆ ಇಳಿಸಬೇಕು. ವಡೆಯ ಸದ್ದು ಸಣ್ಣದಾದರೆ ಮಗುಚಬೇಕು. ಹಾಲು ತಳ ಹಿಡಿದದ್ದು ಮಾತ್ರ ನನಗೆ ಎಂದೂ ತಿಳಿಯುತ್ತಿರಲಿಲ್ಲ. ಪಡಸಾಲೆಯಿಂದ ಅತ್ತೆ ಓಡಿ ಬರುತ್ತಿದ್ದರು. "ನಮ್ಮ ಪದ್ಮಂಗೆ ಮೂಗಿರೋದು ಮೂಗುತಿ ಹಾಕ್ಕೊಳ್ಳಕ್ಕೆ," ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದರು. ಮೂಗು ಸ್ವಲ್ಪ ಮಂದ ಎಂದಷ್ಟೇ ಅವರ ಲೆಕ್ಕ. ಇದಕ್ಕೂ ನಾನು ಹೊರಗೆ ಕೂರದಿರುವುದಕ್ಕೂ ಸಂಬಂಧವಿದೆಯೆಂದು ಕನಸಿನಲ್ಲೂ ಯಾರೂ ಎಣಿಸಿರಲಿಲ್ಲ.

ಮೂಳೆ ಡಾಕ್ಟರು ಕಳಿಸಿದ್ದು ಮಲ್ಲೇಶ್ವರದ ಒಬ್ಬ ಹಾರ್ಮೋನ್ ಡಾಕ್ಟರ ಹತ್ತಿರ. ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಕಾಯುವ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗಂಟಲು ಊದಿಕೊಂಡ ಹೆಂಗಸೊಬ್ಬಳು ಸೆರಗು ಸುತ್ತಿಕೊಂಡು ಕೂತಿದ್ದಳು. ಗಂಡ ಹೆಂಡತಿ ಜೋಡಿಗಳು ನಡುವೆ ಒಂದೊಂದು ಚೀಲ ಇಟ್ಟುಕೊಂಡಿದ್ದವು. ಇವರು ಕಚ್ಚೆಪಂಚೆ ಉಟ್ಟು, ಹಣೆಗೆ ಇಟ್ಟುಕೊಂಡು ಬಂದಿದ್ದರು. ಮಂತ್ರ ಹೇಳುವ ಮನುಷ್ಯ ಇಂಥ ಕಡೆ ಹೇಗೆ ಕೂರಬೇಕೆಂದು ತಿಳಿಯದೆ ಬೆನ್ನು ಸೆಟೆದು ಕೂತಿದ್ದರು. ಆ ಗಂಟಲಿನ ಹೆಂಗಸು ಹಿಂಜರಿಯುತ್ತಾ ಹತ್ತಿರ ಬಂದು, ಸ್ವಾಮಿ, ಗೃಹಪ್ರವೇಶಕ್ಕೆ ಒಂದು ಮುಹೂರ್ತ ಹೇಳ್ತೀರಾ ಎಂದಳು. ಇವರು ಚೀಲದಿಂದ ಪಂಚಾಂಗ ತೆಗೆದರು. ನೋಡುತ್ತಿದ್ದ ಹಾಗೆ ಇನ್ನಿಬ್ಬರು ಬಂದರು, ಒಬ್ಬರಿಗೆ ನಾಮಕರಣದ ದಿನ ಬೇಕಿತ್ತು. ಇವರ ಬೆನ್ನು ಸಡಿಲವಾಯಿತು. ನನ್ನ ಹೆಸರು ಕೂಗಿದಾಗ ಒಂದು ನಿಮಿಷ ಇರಮ್ಮ ಎಂದು ನರ್ಸಿಗೇ ಹೇಳಿದರು. ಆ ಭಯದ ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಡಾಕ್ಟರಮ್ಮ ಬಹಳ ಹೊತ್ತು ಕೇಳಿದರು, ನೋಡಿದರು, ಬರೆದುಕೊಂಡರು. ಆಮೇಲೆ ಇದ್ದಕ್ಕಿದ್ದ ಹಾಗೆ, ನಿಮಗೆ ವಾಸನೆ ಗೊತ್ತಾಗುತ್ತಾ ಎಂದರು.

ಇದೇನು ಪ್ರಶ್ನೆ ಎನಿಸಿತು. ಅಭ್ಯಾಸಬಲದಿಂದ, ನೆಗಡಿಯಾದಾಗ ಗೊತ್ತಾಗುವುದಿಲ್ಲ ಎಂದೆ.

"ಇಲ್ಲ ಡಾಕ್ಟ್ರೇ," ಎಂದರು ಇವರು. "ಇವಳಿಗೆ ಮೊದಲಿಂದ್ಲೂ ಏನೂ ಗೊತ್ತಾಗಲ್ಲ."

ನಾನು ತಿರುಗಿ ನೋಡಿದೆ. ನಾನು ಇವರಿಗೆ ಎಂದೂ ಹೇಳಿರಲಿಲ್ಲ. ಡಾಕ್ಟರಮ್ಮ, ನಿಮಗೆ ಹೇಗೆ ಗೊತ್ತು ಎಂದು ಕೇಳಿದರು.

"ಮದುವೆಯಾದ ಹೊಸದ್ರಲ್ಲಿ ಒಂದಿನ ಮಲ್ಲಿಗೆ ಹೂ ತಂದು ಇವಳ ಬೆನ್ನ ಹಿಂದೇನೇ ನಿಂತ್ಕೊಂಡಿದ್ದೆ. ತುಂಬಾ ಹೊತ್ತು ನಿಂತಿದ್ದೆ. ತಿರುಗಲೇ ಇಲ್ಲ."

ಹೂ ಆಮೇಲೆ ಏನಾಯಿತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಡಾಕ್ಟರಮ್ಮ ಕಣ್ಣು ಮುಚ್ಚಿಸಿ, ಒಂದೊಂದೇ ಸಣ್ಣ ಸೀಸೆಯನ್ನು ಮೂಗಿನ ಹತ್ತಿರ ಹಿಡಿದರು. ಮೊದಲನೆಯದಕ್ಕೆ ಸುಮ್ಮನಿದ್ದೆ. ಎರಡನೆಯದಕ್ಕೂ ಸುಮ್ಮನಿದ್ದೆ. ಮೂರನೆಯದಕ್ಕೆ ಲವಂಗ ಎಂದೆ.

"ಸರಿಯಾಗೇ ಹೇಳಿದ್ರಲ್ಲ. ಹೇಗೆ ಗೊತ್ತಾಯ್ತು?"

"ಒಳಗೆ ಅಲ್ಲಾಡಿದ ಸದ್ದಿಂದ."

"ಕಿವೀಲಿ ಮೂಸಬೇಡಿ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ತಲೆಯ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು.

ಆ ಸ್ಕ್ಯಾನಿನ ಯಂತ್ರದೊಳಗೆ ಮಲಗಿದ್ದನ್ನು ಹೇಳುವುದಿಲ್ಲ. ಮಾಡಿಸಿಕೊಂಡವರಿಗೆ ಗೊತ್ತು, ಮಾಡಿಸಿಕೊಳ್ಳುವವರು ಹೆದರುವುದು ಬೇಡ. ಚಿತ್ರ ನೋಡಿ ಡಾಕ್ಟರಮ್ಮ ಹೇಳಿದ್ದಿಷ್ಟು. ಮೂಗಿನ ಮೇಲ್ಗಡೆ, ಮಿದುಳಿನ ಅಡಿಯಲ್ಲಿ ವಾಸನೆಯನ್ನು ತಿಳಿಯುವ ಎರಡು ಸಣ್ಣ ಗಡ್ಡೆಗಳಿರುತ್ತವೆ. ನನಗೆ ಅವು ಬೆಳೆದೇ ಇಲ್ಲ. ಮಗು ಗರ್ಭದಲ್ಲಿರುವಾಗ ಮೂಗಿನ ಜಾಗದಲ್ಲಿ ಕೆಲವು ಜೀವಕೋಶಗಳು ಹುಟ್ಟಿ, ವಾಸನೆಯ ನರದ ಎಳೆಯನ್ನೇ ಹಿಡಿದುಕೊಂಡು ಮಿದುಳಿನೊಳಕ್ಕೆ ನಡೆದುಹೋಗಬೇಕು. ಮುಂದೆ ಮಗು ದೊಡ್ಡದಾಗುವ ಕಾಲಕ್ಕೆ, ಇನ್ನು ಬೆಳೆ ಎಂದು ಮೈಗೆ ಹೇಳಿ ಕಳಿಸುವವು ಅವೇ. ಒಂದು ಕೋಶ ಇನ್ನೊಂದಕ್ಕೆ ಈ ಕಡೆ ಬಾ, ಇಲ್ಲಿ ತಿರುಗು ಎಂದು ಸನ್ನೆ ಕೊಡುತ್ತಾ ದಾರಿ ತೋರಿಸುತ್ತದಂತೆ. ನನ್ನ ಅಮ್ಮನ ಹೊಟ್ಟೆಯಲ್ಲಿ ಆ ಸನ್ನೆ ಎಲ್ಲೋ ತಪ್ಪಿತು. ವಾಸನೆಯ ಎಳೆ ಅರ್ಧಕ್ಕೆ ನಿಂತಿತು, ಅದನ್ನು ಹಿಡಿದು ಹೊರಟವೂ ಅಲ್ಲೇ ನಿಂತವು.

ನನಗೆ ಅರ್ಥವಾದದ್ದು ನಮ್ಮ ಮನೆಯ ರೀತಿಯಲ್ಲಿ. ಹೊಸದಾಗಿ ತಿಥಿಗೆ ಬರುವವರು ಮುಖ್ಯರಸ್ತೆಯಲ್ಲಿ ಹೂವಿನವಳನ್ನು ಕೇಳುತ್ತಾರೆ, ಅವಳು ಸೈಕಲ್ ಅಂಗಡಿಯ ಕಡೆ ಕೈ ತೋರಿಸುತ್ತಾಳೆ, ಅಂಗಡಿಯವನು ನಮ್ಮ ಓಣಿ ತೋರಿಸುತ್ತಾನೆ. ಅವರಲ್ಲಿ ಒಬ್ಬರು ಇಲ್ಲದಿದ್ದರೆ ಬರುವವರು ರಸ್ತೆಯಲ್ಲೇ ಸುತ್ತುತ್ತಿರುತ್ತಾರೆ. ಇತ್ತ ಅಡಿಗೆಯಾಗಿ, ಎಲೆ ಹಾಕಿ, ನಾವು ಬಾಗಿಲು ನೋಡುತ್ತಾ ಕೂತಿರುತ್ತೇವೆ.

"ಹಾಗಾದ್ರೆ ಒಳಗೆ ಎಲ್ಲ ಕೆಟ್ಟಿದೆಯಾ?" ಎಂದು ಕೇಳಿದೆ.

"ಏನೂ ಕೆಟ್ಟಿಲ್ಲ. ಗರ್ಭಕೋಶ ಇದೆ, ಅಂಡಾಶಯ ಇದೆ. ಕೆಲಸ ಶುರು ಮಾಡು ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ."

ಆಗ ಇವರು ಮೊದಲ ಸಲ ನೇರವಾಗಿ ಕೇಳಿದರು. "ಮಕ್ಕಳಾಗೋ ಸಾಧ್ಯತೆ ಇದೆಯಾ ಡಾಕ್ಟ್ರೇ?"

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಮೊದಲು ಮಾತ್ರೆ ಕೊಟ್ಟು ಗರ್ಭಕೋಶವನ್ನು ಬೆಳೆಸಬೇಕು, ಮುಟ್ಟು ಬರಿಸಬೇಕು, ಮೂಳೆಯೂ ಗಟ್ಟಿಯಾಗುತ್ತದೆ. ಅದಕ್ಕೇ ಒಂದು ವರ್ಷ ಬೇಕು. ಆಮೇಲೆ ಮಿದುಳು ಹೇಳಬೇಕಾಗಿದ್ದ ಮಾತನ್ನು ಇಂಜೆಕ್ಷನ್ ಹೇಳಬಹುದು. ಕೆಲವರಿಗೆ ಆಗಿದೆ. ಆದರೆ ನಿಮ್ಮ ವಯಸ್ಸಿಗೆ ಕಷ್ಟ.

"ಹತ್ತು ವರ್ಷ ಮುಂಚೆ ಬಂದಿದ್ದಿದ್ರೆ?" ಎಂದೆ.

ಅವರು ಪೆನ್ನಿಗೆ ಕ್ಯಾಪು ಹಾಕಿದರು. ತೆಗೆದರು. "ಸುಲಭ ಆಗ್ತಿತ್ತು," ಎಂದರು. "ತುಂಬಾನೇ ಸುಲಭ ಆಗ್ತಿತ್ತು."

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ನಾನು, ಹಿಂದೆ ಇವರು. ಅದೇ ಒಳ್ಳೆಯದಾಯಿತು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಮೂಗಿಗೂ ಗರ್ಭಕ್ಕೂ ಏನು ಸಂಬಂಧ ಎಂದು ಒಂದು ಸಲ ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ಅವರ ಕಣ್ಣು ಗೋಡೆಯ ಕ್ಯಾಲೆಂಡರಿನ ಕಡೆ ಹೋಗಿತ್ತು. ಪಕ್ಷಮಾಸಕ್ಕೆ ಆಗಲೇ ಮನೆಗಳು ಗೊತ್ತಾಗಿದ್ದವು.

"ಎಲ್ಲರಿಗೂ ನಿಲ್ಲೋ ಹೊತ್ತಲ್ಲಿ ಇವಳಿಗೆ ಮುಟ್ಟಾಗಕ್ಕೆ ಮಾತ್ರೆನಾ?" ಎಂದರು. "ಆಗಲಿ, ಬೇಡ ಅನ್ನಲ್ಲ. ಪಕ್ಷ ಒಂದು ಕಳೀಲಿ."

ಇವರು ತಮ್ಮ ತಾಯಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವತ್ತೂ ದನಿ ಏರಿಸಲಿಲ್ಲ. "ಪ್ರತಿ ಸಲ ಹಾಗೇ ಅಂದ್ವಿ ಅಮ್ಮ," ಎಂದರು. "ನಾವು ಊರವರ ಪಿತೃಗಳಿಗೆಲ್ಲ ಹೊತ್ತು ಹೊತ್ತಿಗೆ ಅನ್ನ ಹಾಕಿದ್ವಿ. ಹುಟ್ಟಬೇಕಾದೋರನ್ನ ಕಾಯಿಸಿದ್ವಿ."

ಅತ್ತೆ ಎದ್ದು ದೇವರಮನೆಗೆ ಹೋದರು. ಮರುದಿನ ಬೆಳಗ್ಗೆ ನಾನು ಮಾತ್ರೆ ಶುರು ಮಾಡಿದೆ. ಅಡಿಗೆಗೆ ಇವರು ಗೊತ್ತಿದ್ದವರೊಬ್ಬರನ್ನು ಗೊತ್ತುಮಾಡಿದರು. ಆತ ಮಾಡಿದ ಸಾರಿಗೆ ಅತ್ತೆ ಬಾಗಿಲಲ್ಲಿ ನಿಂತೇ ಉಪ್ಪು ಜಾಸ್ತಿ ಎಂದರು. ಆತನಿಗೆ ಕೋಪ ಬಂತು. ಅದು ಬೇರೆ ಕಥೆ.

ಮೈ ಬದಲಾಗತೊಡಗಿತು. ಮೂವತ್ತೆಂಟರಲ್ಲಿ ರವಿಕೆಗಳು ಬಿಗಿಯಾದವು. ಮುಖದಲ್ಲಿ ಮೊಡವೆ ಎದ್ದಿತು. ಕನ್ನಡಿಯ ಮುಂದೆ ನಿಂತರೆ ನಾಚಿಕೆಯಾಗುತ್ತಿತ್ತು, ಯಾರಾದರೂ ನೋಡಲಿ ಎಂದೂ ಅನಿಸುತ್ತಿತ್ತು. ಹದಿನಾಲ್ಕರ ಹುಡುಗಿಯರು ಗೆಳತಿಯರ ಜೊತೆ ಕೂತು ಆಡುವ ಮಾತುಗಳನ್ನು ನಾನು ಯಾರ ಜೊತೆ ಆಡಲಿ? ಸಿಟ್ಟು, ಅಳು ಎಲ್ಲವೂ ಕಾರಣವಿಲ್ಲದೆ ಬರುತ್ತಿದ್ದವು. ಇವರು ಮಾತಿಲ್ಲದೆ ಕಾಫಿ ಮಾಡಿ ತಂದಿಡುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅದು ಬಂತು. ತಾನಾಗಿ ಬಂದದ್ದಲ್ಲ, ಮದ್ದಿನಿಂದ ಬಂದದ್ದು ಎಂದು ಗೊತ್ತಿತ್ತು. ಆದರೂ ಏನು ಮಾಡಬೇಕೆಂದು ನಿಜವಾಗಿಯೂ ತಿಳಿಯಲಿಲ್ಲ. ಆ ಮನೆಯಲ್ಲಿ ಹದಿನಾರು ವರ್ಷ ಇದ್ದೆ, ಹಿತ್ತಲ ಕೋಣೆಯಲ್ಲಿ ಚಾಪೆ ಎಲ್ಲಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದೂರ ನಿಂತು ಅತ್ತೆಯನ್ನು ಕರೆದೆ. ಅವರು ನನ್ನ ಮುಖ ನೋಡಿದ್ದೇ ಅರ್ಥ ಮಾಡಿಕೊಂಡರು. ಚಾಪೆ, ಚೊಂಬು, ಹಳೆಯ ಸೀರೆ ಎಲ್ಲವನ್ನೂ ಕೋಣೆಯ ಬಾಗಿಲಲ್ಲಿ ತಂದಿಟ್ಟರು.

ಪಕ್ಕದ ಮನೆಯ ಶಾಂತಕ್ಕ ಕಾಂಪೌಂಡಿನ ಆಚೆಯಿಂದ ನೋಡಿದರು. ಅವರು ಲಿಂಗವಂತರು, ಯಜಮಾನರಿಗೆ ಅಕ್ಕಿಪೇಟೆಯಲ್ಲಿ ಅಂಗಡಿ. ನನ್ನ ವಿಷಯವೆಲ್ಲ ಅವರಿಗೆ ಗೊತ್ತಿತ್ತು. "ಏನ್ ಪದ್ಮಕ್ಕ, ಕೊನೆಗೂ ನಿಮಗೂ ರಜಾ ಸಿಕ್ತಾ?" ಎಂದರು. ಅವರ ಮನೆಯಲ್ಲಿ ಹೊರಗೆ ಕೂರುವ ಪದ್ಧತಿಯಿಲ್ಲ. ಗೋಡೆಯ ಮೇಲಿಂದ ಬಿಸಿ ಕಾಫಿಯ ಲೋಟ ನನ್ನ ಕೈಗೇ ಕೊಟ್ಟರು, ಬೆರಳು ತಾಕಿಸಿಯೇ ಕೊಟ್ಟರು.

ಸಂಜೆ ಅತ್ತೆ ಬಂದರು. ಎಪ್ಪತ್ತು ದಾಟಿದ ಮುದುಕಿ ಮಧ್ಯಾಹ್ನವೆಲ್ಲ ಒರಳಿನ ಮುಂದೆ ಕೂತು ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿದ್ದರು. ಹುಡುಗಿ ದೊಡ್ಡವಳಾದಾಗ ತಿನ್ನಿಸುವ ಚಿಗಳಿ. ಬಾಳೆಲೆಯ ತುಂಡಿನಲ್ಲಿಟ್ಟು, ಮೇಲೊಂದು ಗುಲಾಬಿ ಹೂವಿಟ್ಟು, ಹೊಸ್ತಿಲಾಚೆ ಇರಿಸಿ ಅಲ್ಲೇ ಗೋಡೆಗೆ ಒರಗಿ ಕೂತರು.

"ತಿನ್ನು," ಎಂದರು. "ಆರತಿ ಎತ್ತೋಣ ಅಂದ್ರೆ ನಾಲ್ಕು ಜನ ನಗ್ತಾರೆ."

ತಿಂದೆ. ನನಗೆ ಎಳ್ಳಿನ ಘಮ ಗೊತ್ತಿಲ್ಲ, ಸಿಹಿ ಮಾತ್ರ ಗೊತ್ತು.

"ನಾನು ಅವತ್ತು ಕೇಳ್ದೆ, ನೀನು ಇಲ್ಲ ಅಂದೆ, ಸುಮ್ನಾದೆ," ಎಂದರು ಅತ್ತೆ. "ನನ್ನ ಹೊಟ್ಟೇಲಿ ಹುಟ್ಟಿದ ಮಗಳಾಗಿದ್ರೆ ಸುಮ್ನಿರ್ತಿದ್ನಾ? ಸುಮ್ನಿದ್ದಿದ್ದು ಮನೆಗೆ ಅನುಕೂಲ ಆಯ್ತು ಪದ್ಮ. ಅದಕ್ಕೇ ಸುಮ್ನಿದ್ದೆ."

ಇರಲಿ ಬಿಡಿ ಅತ್ತೆ ಎನ್ನಬಹುದಿತ್ತು. ಎನ್ನಲಿಲ್ಲ. ಇನ್ನೊಂದು ಚಿಗಳಿ ಬಾಯಿಗೆ ಹಾಕಿಕೊಂಡೆ. ಕತ್ತಲಾಗುವ ತನಕ ಇಬ್ಬರೂ ಹೊಸ್ತಿಲಿನ ಆಚೆ ಈಚೆ ಕೂತಿದ್ದೆವು.

ಅತ್ತೆ ಮೊಮ್ಮಗುವನ್ನು ನೋಡಲೇಬೇಕೆಂದು ನಿಂತದ್ದು ಆಮೇಲೆ. ಇಂಜೆಕ್ಷನ್ ಶುರುವಾಗುವ ಹೊತ್ತಿಗೆ ನನಗಿಂತ ಹೆಚ್ಚು ಆತುರ ಅವರಿಗೆ. ಇಂಜೆಕ್ಷನ್ನನ್ನು ತಣ್ಣಗೆ ಇಡಬೇಕು. ತಂಗಳು ಸೇರಬಾರದೆಂದು ನಮ್ಮ ಮನೆಗೆ ಫ್ರಿಜ್ಜೇ ತಂದಿರಲಿಲ್ಲ. ಶಾಂತಕ್ಕ ತಮ್ಮ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಇಡಲೆಂದು ಮಾಡಿದ ಗುಳಿಗಳನ್ನು ಖಾಲಿ ಮಾಡಿಕೊಟ್ಟರು. ಅವರೂ ಮೊಟ್ಟೆ ತಿನ್ನುವವರಲ್ಲ, ಅಲ್ಲಿ ನಿಂಬೆಹಣ್ಣು ಇಡುತ್ತಿದ್ದರು. ದಿನಾ ಸಂಜೆ ಅತ್ತೆಯೇ ಗೋಡೆಯ ಹತ್ತಿರ ಹೋಗಿ, "ಶಾಂತಾ, ನಮ್ಮ ಕೂಸಿನ ಮದ್ದು ಕೊಡಮ್ಮ," ಎಂದು ಕೇಳಿ ತರುತ್ತಿದ್ದರು. ಕೂಸು ಆಗುವುದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹಾಗೆನ್ನಬೇಡಿ ಎಂದು ಹೇಳಲು ಮನಸ್ಸು ಬರಲಿಲ್ಲ.

ಮೊದಲ ಸರದಿಯಲ್ಲಿ ಏನೂ ಬೆಳೆಯಲಿಲ್ಲ. ಎರಡನೆಯ ಸರದಿಗೆ ಡಾಕ್ಟರಮ್ಮ ಮದ್ದು ಹೆಚ್ಚಿಸಿದರು. ಸ್ಕ್ಯಾನಿನ ಪರದೆಯಲ್ಲಿ ಎರಡು ಕಪ್ಪು ಗುಂಡಗಿನ ಚುಕ್ಕೆಗಳನ್ನು ತೋರಿಸಿ, ನೋಡಿ, ನಿಮ್ಮ ಅಂಡಾಶಯ ಮಾತು ಕೇಳಿಸಿಕೊಂಡಿದೆ ಎಂದರು. ಮೂವತ್ತೊಂಬತ್ತು ವರ್ಷ ಸುಮ್ಮನೆ ಕೂತದ್ದು ಎರಡನೆಯ ಕರೆಗೇ ಎದ್ದು ಬಂದಿತ್ತು. ನಾನು ಆ ಪರದೆಯನ್ನು ಇನ್ನೊಂದು ಸ್ವಲ್ಪ ಹೊತ್ತು ಇಡಿ ಎಂದು ಕೇಳಿದೆ. ಅವರು ಇಟ್ಟರು.

ಆಮೇಲಿನ ದಿನಗಳಲ್ಲಿ ನಾನು ನೆಲವನ್ನು ನೋಡಿ ನೋಡಿ ಹೆಜ್ಜೆಯಿಟ್ಟೆ. ಅತ್ತೆ ಹೊಸ್ತಿಲುಗಳಿಗೆಲ್ಲ ಗೋಣಿತಾಟು ಹಾಸಿದ್ದರು. ಇವರು ಸಂಕಲ್ಪ ಹೇಳುವಾಗ ಗೋತ್ರಗಳನ್ನು ತಪ್ಪಿ ಹೇಳಿ, ಬಂದವರಿಂದ ಹೇಳಿಸಿಕೊಂಡರು. ಒಂದು ಬೆಳಗ್ಗೆ ಎದ್ದಾಗ ಸೊಂಟ ನೋಯುತ್ತಿತ್ತು. ಬಚ್ಚಲಿಗೆ ಹೋಗಿ ನೋಡಿದೆ. ಹೊರಗೆ ಬಂದು, ಯಾರಿಗೂ ಏನೂ ಹೇಳದೆ, ಹಿತ್ತಲ ಕೋಣೆಗೆ ಹೋಗಿ ಚಾಪೆ ಬಿಡಿಸಿ ಕೂತೆ. ಅಷ್ಟರಿಂದಲೇ ಮನೆಗೆಲ್ಲ ತಿಳಿಯಿತು. ಅತ್ತೆ ಗೋಣಿತಾಟುಗಳನ್ನು ಒಂದೊಂದಾಗಿ ಎತ್ತುತ್ತಿದ್ದ ಸದ್ದು ನನಗೆ ಅಲ್ಲಿಗೇ ಕೇಳಿಸುತ್ತಿತ್ತು.

ಮೂರನೆಯ ಸರದಿಯೂ ಹಾಗೇ ಆಯಿತು. ಡಾಕ್ಟರಮ್ಮ, ಇನ್ನೊಮ್ಮೆ ನೋಡಬಹುದು, ಆದರೆ ನಾನು ಸುಮ್ಮನೆ ಆಸೆ ಹುಟ್ಟಿಸುವುದಿಲ್ಲ ಎಂದರು. ಹೊರಗೆ ಬಂದು ಸಂಪಿಗೆ ರಸ್ತೆಯಲ್ಲಿ ನಡೆಯುತ್ತಿದ್ದಾಗ ನಾನು ಇನ್ನೊಂದು ಸಲ ನೋಡೋಣ ಎಂದೆ. ಇವರು ನಿಂತರು.

"ಸಾಕು ಪದ್ಮ. ನಿನ್ನ ಮೈ ಏನು ಹೋಮಕುಂಡನಾ, ಸಿಕ್ಕಿದ್ದೆಲ್ಲ ಹಾಕ್ತಾನೇ ಇರಕ್ಕೆ?"

"ನಿಮಗೆ ಬೇಡ್ವೇನ್ರೀ?"

"ಬೇಕಿತ್ತು," ಎಂದರು. "ಬಹಳ ಬೇಕಿತ್ತು ಕಣೇ." ಅಷ್ಟು ಜನ ಓಡಾಡುವ ರಸ್ತೆಯಲ್ಲಿ ಉತ್ತರೀಯದ ತುದಿಯಿಂದ ಕಣ್ಣು ಒರೆಸಿಕೊಂಡರು. ಹದಿನೇಳು ವರ್ಷದಲ್ಲಿ ಇವರು ಅದನ್ನು ನನ್ನೆದುರು ಹೇಳಿದ್ದು ಅದೊಂದೇ ಸಲ.

ಇದೆಲ್ಲ ಆಗಿ ಹತ್ತು ಹನ್ನೆರಡು ವರ್ಷ ಕಳೆದಿದೆ. ಅತ್ತೆ ಇಲ್ಲ. ಮಾತ್ರೆಯಿಂದ ನನ್ನ ಮೂಳೆ ಗಟ್ಟಿಯಾಗಿದೆ, ಆಮೇಲೆ ಎರಡು ಸಲ ಬಿದ್ದರೂ ಮುರಿಯಲಿಲ್ಲ. ವಾಸನೆ ಬಂದಿಲ್ಲ, ಬರುವುದೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಮ್ಮ ಹೆದರಿದ್ದಳು. ಅತ್ತೆಗೆ ಮನೆ ನಡೆಯಬೇಕಿತ್ತು. ಇವರಿಗೆ ಸಂಕೋಚ. ಒಬ್ಬರೂ ಕೆಟ್ಟವರಲ್ಲ. ನನ್ನ ಸುತ್ತಲಿದ್ದವರೆಲ್ಲ ನನ್ನನ್ನು ಹೊಗಳುತ್ತಲೇ ಇದ್ದರು, ಆ ಹೊಗಳಿಕೆಯಲ್ಲೇ ವರ್ಷಗಳು ಹೋದವು. ಇದನ್ನು ಓದುವವರ ಮನೆಯಲ್ಲಿ ವಯಸ್ಸು ಮೀರಿದರೂ ದೊಡ್ಡವಳಾಗದ ಹುಡುಗಿಯಿದ್ದರೆ, ಗಂಟಲು ಒಡೆಯದ ಹುಡುಗನಿದ್ದರೆ, ತಡವಾದರೆ ತಡ ಎಂದು ಬಿಡಬೇಡಿ. ಕಾಫಿಯ ಘಮ ಬರುತ್ತಾ ಎಂದು ಒಮ್ಮೆ ಕೇಳಿ. ಇಲ್ಲ ಎಂದರೆ ನಗಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಬ್ಬ ಕಳೆಯಲಿ ಎಂದು ಕಾಯಬೇಡಿ.

ಹೋದ ತಿಂಗಳು ಶಾಂತಕ್ಕನ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಎಣ್ಣೆ ನೀರು ಹಾಕಿ, ಧೂಪದ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಮಲಗಿಸಿದರು. ಹಸುಗೂಸಿನ ನೆತ್ತಿಯ ವಾಸನೆಯಂಥದ್ದು ಲೋಕದಲ್ಲಿ ಇನ್ನೊಂದಿಲ್ಲ ಎಂದು ಹೆಂಗಸರು ಹೇಳುವುದನ್ನು ನಾನು ಬಹಳ ಕೇಳಿದ್ದೇನೆ. ನನಗೆ ಮಗುವಾಗಿದ್ದರೂ ಅದು ನನಗೆ ತಿಳಿಯುತ್ತಿರಲಿಲ್ಲ, ಅರ್ಧ ತಾಯಿಯಷ್ಟೇ ಆಗುತ್ತಿದ್ದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಾ ಬಂದಿದ್ದೆ.

ಬಗ್ಗಿ ಕೂಸಿನ ನೆತ್ತಿಗೆ ಮೂಗು ಇಟ್ಟೆ. ಎಲುಬು ಇನ್ನೂ ಕೂಡದ ಆ ಮೆತ್ತನೆಯ ಜಾಗ ನನ್ನ ತುಟಿಯ ಕೆಳಗೆ ಸಣ್ಣಗೆ ಮಿಡಿಯುತ್ತಿತ್ತು.

"ಹೇಗಿದೆ ಪದ್ಮಕ್ಕ?" ಎಂದರು ಶಾಂತಕ್ಕ. ಎಂದವರೇ ನೆನಪಾಗಿ ನಾಲಿಗೆ ಕಚ್ಚಿಕೊಂಡರು.

"ಬೆಚ್ಚಗಿದೆ," ಎಂದೆ.

ತಾಯಿಯಾಗಲು ವಾಸನೆ ಬೇಕಾಗಿಯೇ ಇರಲಿಲ್ಲ. ಶಾಂತಕ್ಕ ಎತ್ತಿಕೊಳ್ಳಲು ಕೈ ಚಾಚಿದರು. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದೆ.